ಎರಡು ತೆರಿಗೆ, ಒಂದೇ ಬೊಕ್ಕಸ: ಒಹಾಯೊದಲ್ಲಿ ವಿವೇಕ್ ರಾಮಸ್ವಾಮಿ ಭರವಸೆಗಳ ಲೆಕ್ಕ

ಅಮೆರಿಕದ ಒಹಾಯೊ ರಾಜ್ಯದಲ್ಲಿ ಸ್ವಂತ ಮನೆ ಇರುವವರಿಗೆ ಕೌಂಟಿ (ನಮ್ಮ ಜಿಲ್ಲೆಯಂಥ ಘಟಕ) ಖಜಾನೆಯಿಂದ ವರ್ಷಕ್ಕೆರಡು ಸಲ ತೆರಿಗೆ ಬಿಲ್ ಬರುತ್ತದೆ. ಅದರಲ್ಲಿ ಕಳೆಯುವ ಲೆಕ್ಕದ ಎರಡು ಸಣ್ಣ ಸಾಲುಗಳಿರುತ್ತವೆ. ಒಂದು ನಾನ್-ಬಿಸಿನೆಸ್ ಕ್ರೆಡಿಟ್, 2025ರ ಲೆಕ್ಕದಂತೆ ಶೇ 10ರ ರಿಯಾಯಿತಿ. ಇನ್ನೊಂದು ಓನರ್ ಆಕ್ಯುಪೆನ್ಸಿ ಕ್ರೆಡಿಟ್, ಮನೆಯಲ್ಲಿ ಮಾಲೀಕರೇ ವಾಸವಿದ್ದರೆ ಅದೇ ಲೆಕ್ಕದಂತೆ ಶೇ 2.5. ಬಿಲ್ ಬಂದಾಗ ಬಹುತೇಕರ ಕಣ್ಣು ನೇರ ಕೊನೆಯ ಮೊತ್ತಕ್ಕೆ ಹೋಗುತ್ತದೆ, ಈ ಸಾಲುಗಳನ್ನು ಓದುವವರು ಕಡಿಮೆ. ಆದರೆ ರಿಯಾಯಿತಿಯ ಹಣ ಎಲ್ಲೋ ಮಾಯವಾಗುವುದಿಲ್ಲ. ಮನೆಯವರು ಕಟ್ಟದೆ ಉಳಿಸಿಕೊಂಡಷ್ಟನ್ನು ಶಾಲೆಗೆ, ಕೌಂಟಿಗೆ, ಗ್ರಂಥಾಲಯಕ್ಕೆ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ತುಂಬಿಕೊಡುತ್ತದೆ. ಆ ಬೊಕ್ಕಸ ತುಂಬುವ ಎರಡು ದೊಡ್ಡ ಕಾಲುವೆಗಳಲ್ಲಿ ಒಂದು ರಾಜ್ಯದ ಆದಾಯ ತೆರಿಗೆ.

ಅಲ್ಲಿನ ಗವರ್ನರ್ ಹುದ್ದೆಗೆ ನಿಂತಿರುವ ಉದ್ಯಮಿ ವಿವೇಕ್ ರಾಮಸ್ವಾಮಿ ಆ ಕಾಲುವೆಯನ್ನು ಮುಚ್ಚುವ ಮಾತಾಡುತ್ತಿದ್ದಾರೆ. ಅದೇ ಉಸಿರಿನಲ್ಲಿ ಮನೆ ತೆರಿಗೆಯನ್ನೂ ಇಳಿಸುವುದಾಗಿ ಹೇಳುತ್ತಿದ್ದಾರೆ.

2025ರ ಫೆಬ್ರುವರಿ 24ರಂದು ಅವರು ಒಹಾಯೊದ ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಪಕ್ಷದಿಂದ ಕಣಕ್ಕಿಳಿದರು. ಟ್ರಂಪ್ ಬೆಂಬಲ ಅದೇ ದಿನ ಸಿಕ್ಕಿತು. ಮೇ ತಿಂಗಳಲ್ಲಿ ಪಕ್ಷದ ರಾಜ್ಯ ಸಮಿತಿಯೂ ಅವರ ಬೆನ್ನಿಗೆ ನಿಂತಿತು, ಪೈಪೋಟಿಯಲ್ಲಿದ್ದ ರಾಜ್ಯದ ಅಟಾರ್ನಿ ಜನರಲ್ ಡೇವ್ ಯೋಸ್ಟ್ ಹಿಂದೆ ಸರಿದರು. ಡೆಮಾಕ್ರಟಿಕ್ ಕಡೆಯಿಂದ ಕೋವಿಡ್ ಕಾಲದಲ್ಲಿ ರಾಜ್ಯದ ಆರೋಗ್ಯ ಇಲಾಖೆ ನಡೆಸಿದ ವೈದ್ಯೆ ಎಮಿ ಆಕ್ಟನ್ ಇದ್ದಾರೆ. ಮತದಾನ 2026ರ ನವೆಂಬರ್ 3ಕ್ಕೆ. ಸಿನ್ಸಿನಾಟಿಯಲ್ಲಿ ಹುಟ್ಟಿ ಬೆಳೆದ ರಾಮಸ್ವಾಮಿ ಮೂಲತಃ ಪಾಲಕ್ಕಾಡ್ ಕಡೆಯ ತಮಿಳು ಮನೆತನದವರು. ಅವರ ತಾಯಿ ಓದಿದ್ದು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಎಂಬ ಕಾರಣಕ್ಕೆ ನಮ್ಮ ಪತ್ರಿಕೆಗಳೂ ಅವರ ಬಗ್ಗೆ ಆಗಾಗ ಬರೆದಿವೆ. ಆ ನೆಂಟಸ್ತಿಕೆಯಿಂದ ಅವರ ನೀತಿಯೇನೂ ತಿಳಿಯುವುದಿಲ್ಲ, ಬಿಡಿ.

ಒಂದು ಮಾತು ಮೊದಲೇ ಹೇಳಬೇಕು. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ, ಮುಖ್ಯಮಂತ್ರಿಯಂತೆ. ಬಜೆಟ್ ಮಂಡಿಸುತ್ತಾರೆ, ಇಲಾಖೆಗಳ ಮುಖ್ಯಸ್ಥರನ್ನು ನೇಮಿಸುತ್ತಾರೆ, ಮಸೂದೆಗೆ ಸಹಿ ಹಾಕುತ್ತಾರೆ, ಬಜೆಟ್‌ನ ಒಂದೊಂದು ಬಾಬನ್ನು ಬೇರೆಬೇರೆಯಾಗಿ ತಿರಸ್ಕರಿಸಬಲ್ಲರು. ಆದರೆ ನಮ್ಮ ಮುಖ್ಯಮಂತ್ರಿಯಂತೆ ಶಾಸನಸಭೆಯಲ್ಲಿ ಕೂರುವುದಿಲ್ಲ, ವಿಪ್ ಕೊಟ್ಟು ಮತ ಹಾಕಿಸುವ ಅಧಿಕಾರವಿಲ್ಲ. ಹಾಗಾಗಿ ಗವರ್ನರ್ ಅಭ್ಯರ್ಥಿಯ ಒಂದೊಂದು ಭರವಸೆ ಕೇಳಿದಾಗಲೂ ಬೀಗದ ಕೈ ಯಾರ ಹತ್ತಿರ ಇದೆ ಎಂದು ನೋಡಬೇಕು. ಗವರ್ನರ್ ಹತ್ತಿರವೋ, ಶಾಸನಸಭೆಯಲ್ಲೋ, ರಾಜ್ಯದ ಸಂವಿಧಾನದೊಳಗೋ, ಊರಿನ ಶಾಲಾ ಮಂಡಳಿಯ ಕೈಯಲ್ಲೋ, ಇಲ್ಲಾ ವಾಷಿಂಗ್ಟನ್‌ನಲ್ಲೋ?

ಆದಾಯ ತೆರಿಗೆ: ಬೀಗ ಸಡಿಲ, ಲೆಕ್ಕ ಬಿಗಿ

ಒಹಾಯೊದ ಆದಾಯ ತೆರಿಗೆ ಹುಟ್ಟಿದ್ದು 1971ರಲ್ಲಿ, ಡೆಮಾಕ್ರಟ್ ಗವರ್ನರ್ ಜಾನ್ ಗಿಲಿಗನ್ ಕಾಲದಲ್ಲಿ. ಮರುವರ್ಷವೇ ಅದನ್ನು ರದ್ದು ಮಾಡುವ ಪ್ರಶ್ನೆ ಮತಕ್ಕೆ ಬಂತು, ಜನ ಬೇಡ ಎಂದರು. 2000ದ ದಶಕದ ಆರಂಭದಲ್ಲಿ ಅತಿ ಹೆಚ್ಚಿನ ದರ ಶೇ 7.5 ಇತ್ತು. 2005ರಿಂದ ರಿಪಬ್ಲಿಕನ್ ಸರ್ಕಾರಗಳು ಅದನ್ನು ಕೆತ್ತುತ್ತಾ ಬಂದವು. 2025ರ ಬಜೆಟ್ ಉಳಿದ ಹಂತಗಳನ್ನೂ ತೆಗೆದುಹಾಕಿತು. 2026ರಿಂದ 26,050 ಡಾಲರ್‌ವರೆಗಿನ ತೆರಿಗೆಯೋಗ್ಯ ಆದಾಯ ಇರುವವರು ಏನೂ ಕಟ್ಟಬೇಕಿಲ್ಲ, ಅದಕ್ಕಿಂತ ಮೇಲೆ ಎಲ್ಲರಿಗೂ ಒಂದೇ ದರ, ಶೇ 2.75. ಗವರ್ನರ್ ಮೈಕ್ ಡಿವೈನ್ ಇದಕ್ಕೆ ಸಹಿ ಹಾಕಿಯಾಗಿದೆ. ರಾಮಸ್ವಾಮಿ ಏರಬೇಕೆಂದಿರುವ ಬೆಟ್ಟದ ಅರ್ಧಕ್ಕಿಂತ ಹೆಚ್ಚು ಏರುವ ಕೆಲಸವನ್ನು ಇತರರು ಮುಗಿಸಿಟ್ಟಿದ್ದಾರೆ. ಉಳಿದಿರುವುದು ಕಡಿದಾದ ಕೊನೆಯ ಮೆಟ್ಟಿಲುಗಳು.

ಕಾನೂನಿನ ದೃಷ್ಟಿಯಿಂದ ನೋಡಿದರೆ ಇದು ಅವರ ಭರವಸೆಗಳಲ್ಲೇ ಸುಲಭದ್ದು. ಸಂವಿಧಾನ ತಿದ್ದಬೇಕಿಲ್ಲ, ಜನಮತ ಬೇಕಿಲ್ಲ, ಸಾಮಾನ್ಯ ಮಸೂದೆ ಸಾಕು. ಕೆಳಮನೆಯ 99 ಸ್ಥಾನಗಳಲ್ಲಿ 65, ಸೆನೆಟ್‌ನ 33ರಲ್ಲಿ 24 ಈಗಿನ ಸಭೆಯಲ್ಲಿ ರಿಪಬ್ಲಿಕನ್ನರವು. ತಮ್ಮ ಜೊತೆ ಲೆಫ್ಟಿನೆಂಟ್ ಗವರ್ನರ್ ಸ್ಥಾನಕ್ಕೆ ಅವರು ಆರಿಸಿಕೊಂಡಿರುವುದು ಸೆನೆಟ್ ಅಧ್ಯಕ್ಷ ರಾಬ್ ಮೆಕಾಲಿ ಅವರನ್ನು. ಶಾಸನಸಭೆಯ ಒಳದಾರಿ ಬಲ್ಲವರೊಬ್ಬರು ಪಕ್ಕದಲ್ಲಿರಲಿ ಎಂಬ ಲೆಕ್ಕಾಚಾರ ಇದು. ಜಾಣ ಆಯ್ಕೆ.

ತೊಡಕಿರುವುದು ಹಣದಲ್ಲಿ. ಆದಾಯ ತೆರಿಗೆ ರಾಜ್ಯಕ್ಕೆ ವರ್ಷಕ್ಕೆ ತರುವುದು ಸುಮಾರು 9ರಿಂದ 10 ಬಿಲಿಯನ್ ಡಾಲರ್, ಸಾಮಾನ್ಯ ನಿಧಿಗೆ ಬರುವ ತೆರಿಗೆಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಒಂದೇ ದರ ಬಂದ ಮೇಲೆ ಅದು ಇನ್ನೂ ತಗ್ಗುತ್ತದೆ. ಸಾಲ ಮಾಡಿ ಸರಿದೂಗಿಸುವಂತಿಲ್ಲ. ಬಜೆಟ್ ಕೊರತೆಗೆಂದು 7,50,000 ಡಾಲರ್‌ಗಿಂತ ಹೆಚ್ಚು ಸಾಲ ಎತ್ತಕೂಡದು ಎಂದು ಒಹಾಯೊ ಸಂವಿಧಾನದ 8ನೇ ವಿಧಿಯಲ್ಲೇ ಬರೆದಿದೆ. ಹತ್ತೊಂಬತ್ತನೇ ಶತಮಾನದ ಮೊತ್ತ ಅದು, ಇಂದಿಗೂ ಹಾಗೇ ಇದೆ. ಇಂದಿನ ಬಜೆಟ್ ಗಾತ್ರಕ್ಕೆ ಅದು ಸೊನ್ನೆಗೆ ಸಮ.

ಹಾಗಿದ್ದರೆ ಮಾರಾಟ ತೆರಿಗೆ ಏರಿಸಿದರೆ? ರಾಜ್ಯದ ದರ ಶೇ 5.75. ಅದರಿಂದ ಬರುವುದು ವರ್ಷಕ್ಕೆ 13 ಬಿಲಿಯನ್‌ಗೂ ಸ್ವಲ್ಪ ಮೇಲೆ. ಅಂದರೆ ದರದಲ್ಲಿ ಒಂದೊಂದು ಅಂಶ ಏರಿಸಿದರೆ ಸುಮಾರು 2.3 ಬಿಲಿಯನ್ ಸಿಗುತ್ತದೆ. 9 ಬಿಲಿಯನ್ ತುಂಬಲು ಹತ್ತಿರ ಹತ್ತಿರ 4 ಅಂಶ ಬೇಕು. ಕೌಂಟಿಗಳ ತೆರಿಗೆ ಸೇರಿ ರಾಜಧಾನಿ ಕೊಲಂಬಸ್‌ನಲ್ಲಿ ಈಗಾಗಲೇ ಶೇ 8 ಇದೆ, ಅದು 12ಕ್ಕೆ ಹೋಗಿ ನಿಲ್ಲುತ್ತದೆ. ಜನ ಪಕ್ಕದ ರಾಜ್ಯಕ್ಕೆ ಹೋಗಿ ಟಿವಿ, ಫ್ರಿಜ್ ಕೊಳ್ಳುವ ನಷ್ಟ ಬೇರೆ. ದಿನಸಿಯ ಮೇಲೆ ಹಾಕೋಣವೆಂದರೆ ಅದಕ್ಕೂ ದಾರಿಯಿಲ್ಲ, ಮನೆಗೆ ಒಯ್ಯುವ ಆಹಾರದ ಮೇಲೆ ಮಾರಾಟ ತೆರಿಗೆ ಹಾಕಕೂಡದೆಂದು ಸಂವಿಧಾನದ 12ನೇ ವಿಧಿ ತಡೆದಿದೆ.

ಉಳಿಯುವುದು ಖರ್ಚು ಕಡಿತ ಮತ್ತು ಆರ್ಥಿಕ ಬೆಳವಣಿಗೆ. ರಾಮಸ್ವಾಮಿ ಒತ್ತು ಕೊಡುವುದೂ ಇವಕ್ಕೇ. ಆದರೆ ರಾಜ್ಯದ ಸಾಮಾನ್ಯ ನಿಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಎರಡೇ ಬಾಬಿಗೆ, ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಮತ್ತು ಶಾಲೆ. ಕಚೇರಿಗಳ ದುಂದು ನಿಲ್ಲಿಸುತ್ತೇವೆ ಎಂದರೆ ಚಪ್ಪಾಳೆ ಸಿಗುತ್ತದೆ, 9 ಬಿಲಿಯನ್ ಸಿಗುವುದಿಲ್ಲ. ಕ್ಯಾನ್ಸಸ್ ರಾಜ್ಯ 2012ರಲ್ಲಿ ಬೆಳವಣಿಗೆಯನ್ನೇ ನಂಬಿ ಆದಾಯ ತೆರಿಗೆಯನ್ನು ಒಮ್ಮೆಗೇ ಭಾರಿಯಾಗಿ ಇಳಿಸಿತು. ಬೊಕ್ಕಸ ಬರಿದಾಗಿ, 2017ರಲ್ಲಿ ರಿಪಬ್ಲಿಕನ್ ಬಹುಮತದ ಶಾಸನಸಭೆಯೇ ರಿಪಬ್ಲಿಕನ್ ಗವರ್ನರ್ ವೀಟೊವನ್ನು ಬದಿಗೊತ್ತಿ ಕಡಿತವನ್ನು ಹಿಂತೆಗೆದುಕೊಂಡಿತು. ಮಿಸಿಸಿಪ್ಪಿ ಅದನ್ನು ನೋಡಿ ಕಲಿತಂತಿದೆ. 2025ರ ಅಲ್ಲಿನ ಕಾನೂನು 2030ರ ಹೊತ್ತಿಗೆ ದರವನ್ನು ಶೇ 3ಕ್ಕೆ ತರುತ್ತದೆ, ಅಲ್ಲಿಂದ ಮುಂದೆ ವರಮಾನ ನಿಗದಿತ ಮಟ್ಟ ಮುಟ್ಟಿದರೆ ಮಾತ್ರ ಮತ್ತೊಂದು ಹೆಜ್ಜೆ. ಒಹಾಯೊದಲ್ಲಿ ನಡೆಯಬಹುದಾದದ್ದೂ ಇಂಥದ್ದೇ ನಿಧಾನದ ಇಳಿಕೆ. ಒಂದು ಅವಧಿಯೊಳಗೆ ಸೊನ್ನೆ ಆಗುತ್ತದೆ ಎಂದು ನಂಬಲು ಕಾರಣ ಕಾಣುವುದಿಲ್ಲ.

ಇಷ್ಟಾದರೂ ಸಂಬಳದ ಚೀಟಿಯಿಂದ ತೆರಿಗೆ ಮಾಯವಾಗುವುದಿಲ್ಲ. ಒಹಾಯೊದ ಊರುಗಳು ದುಡಿಮೆಯ ಮೇಲೆ ತಮ್ಮದೇ ತೆರಿಗೆ ಹಾಕುತ್ತವೆ. ಕೊಲಂಬಸ್, ಕ್ಲೀವ್‌ಲ್ಯಾಂಡ್‌ನಲ್ಲಿ ಶೇ 2.5, ಕನ್ನಡಿಗರ ಮನೆಗಳು ಬೇಕಷ್ಟಿರುವ ಡಬ್ಲಿನ್‌ನಲ್ಲಿ ಶೇ 2, ಸಿನ್ಸಿನಾಟಿಯಲ್ಲಿ 1.8. ಇದು ವಾಸದ ಊರಿಗಿಂತ ಮೊದಲು ಕೆಲಸ ಮಾಡುವ ಊರಿಗೆ ಸಲ್ಲುತ್ತದೆ. ಒಂದು ಲೆಕ್ಕ ನೋಡಿ. ಕೊಲಂಬಸ್‌ನಲ್ಲಿ ಕೆಲಸ ಮಾಡಿ 1,00,000 ಡಾಲರ್ ಸಂಬಳ ಪಡೆಯುವವರು ರಾಜ್ಯಕ್ಕೆ ಈಗ ಕಟ್ಟುವುದು 2,000ಕ್ಕೂ 2,500ಕ್ಕೂ ನಡುವೆ. ಊರಿಗೆ ಕಟ್ಟುವುದು 2,500, ಯಾವ ವಿನಾಯಿತಿಯೂ ಇಲ್ಲದೆ. ರಾಜ್ಯದ ತೆರಿಗೆಯನ್ನು ಸೊನ್ನೆ ಮಾಡಿದರೂ ಅರ್ಧಕ್ಕಿಂತ ಹೆಚ್ಚು ಭಾರ ಹಾಗೇ ಉಳಿಯುತ್ತದೆ. ಹತ್ತು ಲಕ್ಷ ಡಾಲರ್ ಆದಾಯದವರಿಗೆ ಉಳಿಯುವುದು ಸುಮಾರು 27,000. 26,000 ಡಾಲರ್ ಆದಾಯದವರಿಗೆ ಉಳಿಯುವುದು ಏನೂ ಇಲ್ಲ, ಅವರು ಈಗಲೂ ಕಟ್ಟುತ್ತಿಲ್ಲ. ಮಾರಾಟ ತೆರಿಗೆ ಏರಿದರೆ ಅದರಲ್ಲಿ ಮಾತ್ರ ಅವರಿಗೂ ಪಾಲು.

ಮನೆ ತೆರಿಗೆ: ಮಿಲ್ ಲೆಕ್ಕ

ಒಹಾಯೊ ಮತದಾರರು ನಿಜವಾಗಿ ಕುದಿಯುತ್ತಿರುವುದು ಆದಾಯ ತೆರಿಗೆಗಲ್ಲ, ಮನೆ ತೆರಿಗೆಗೆ. 2023ರ ಮರುಮೌಲ್ಯಮಾಪನದಲ್ಲಿ ಎಷ್ಟೋ ಕೌಂಟಿಗಳ ಮನೆ ಬೆಲೆ ಶೇ 30ರ ಆಸುಪಾಸು ಹಾರಿತು, ಹಿಂದೆಯೇ ಬಿಲ್ಲೂ ಹಾರಿತು. ಯಾಕೆ ಹಾರಿತು ಎಂದು ತಿಳಿಯದೆ ರಾಮಸ್ವಾಮಿ ಭರವಸೆಯ ತೂಕ ತಿಳಿಯದು. ಹಾಗಾಗಿ ಸ್ವಲ್ಪ ಗಣಿತ.

ಮನೆಯ ಮಾರುಕಟ್ಟೆ ಬೆಲೆಯ ಶೇ 35ರಷ್ಟನ್ನು ತೆರಿಗೆಗೆ ಹಿಡಿಯುತ್ತಾರೆ. ಆ ಮೊತ್ತದ ಒಂದೊಂದು ಸಾವಿರಕ್ಕೆ ಒಂದು ಡಾಲರ್ ಎಂದರೆ ಒಂದು ಮಿಲ್. ಆರು ವರ್ಷಕ್ಕೊಮ್ಮೆ ಪೂರ್ತಿ ಮರುಮೌಲ್ಯಮಾಪನ, ನಡುವೆ ಮೂರನೇ ವರ್ಷ ಒಂದು ತಿದ್ದುಪಡಿ. ಬೆಲೆ ಏರಿದಂತೆ ತೆರಿಗೆಯೂ ತಾನಾಗಿ ಏರದಿರಲಿ ಎಂದು 1976ರಲ್ಲಿ ಎಚ್‌ಬಿ 920 ಎಂಬ ಕಾನೂನು ತಂದರು. ಜನ ಮತ ಹಾಕಿ ಒಪ್ಪಿದ ಲೆವಿಯ (ಹೆಚ್ಚುವರಿ ಸ್ಥಳೀಯ ತೆರಿಗೆಯ) ಮಿಲ್ ದರವನ್ನು ಬೆಲೆ ಏರಿದಷ್ಟೇ ಕೆಳಗಿಳಿಸಿ, ಹಳೇ ಮನೆಗಳಿಂದ ಬರುವ ಒಟ್ಟು ಹಣ ಅಷ್ಟೇ ಇರುವಂತೆ ನೋಡಿಕೊಳ್ಳುವುದು ಅದರ ಕೆಲಸ. ಆದರೆ ಶಾಲಾ ಜಿಲ್ಲೆಗಳಿಗೆ ಒಂದು ನೆಲಗಟ್ಟು ಇಟ್ಟರು: ದರ 20 ಮಿಲ್‌ಗಿಂತ ಕೆಳಗಿಳಿಯಕೂಡದು. ದಶಕಗಳ ಕಾಲ ಇಳಿಯುತ್ತಾ ಬಂದ ದರ ನೂರಾರು ಜಿಲ್ಲೆಗಳಲ್ಲಿ ಈ ನೆಲ ಮುಟ್ಟಿ ಕೂತಿತ್ತು. ನೆಲ ಮುಟ್ಟಿದ ಮೇಲೆ ತಡೆಯುವುದು ಏನೂ ಇಲ್ಲ, ಬೆಲೆ ಏರಿದಷ್ಟೂ ತೆರಿಗೆ ಏರುತ್ತದೆ.

3,00,000 ಡಾಲರ್ ಮನೆ ಎಂದುಕೊಳ್ಳಿ. ಶೇ 35 ಎಂದರೆ 1,05,000. ಇಪ್ಪತ್ತು ಮಿಲ್‌ನಂತೆ ಶಾಲೆಯ ಪಾಲು 2,100 ಡಾಲರ್. ಬೆಲೆ ಶೇ 30 ಏರಿ 3,90,000 ಆಯಿತು. ತೆರಿಗೆಗೆ ಹಿಡಿಯುವ ಮೊತ್ತ 1,36,500, ಶಾಲೆಯ ಪಾಲು 2,730. ರಿಯಾಯಿತಿ ಕಳೆಯುವ ಮುನ್ನ 630 ಡಾಲರ್ ಏರಿಕೆ. ದರ ಬದಲಾಗಿಲ್ಲ, ಯಾರೂ ಹೊಸ ಲೆವಿಗೆ ಮತ ಹಾಕಿಲ್ಲ, ಮನೆಯವರ ಸಂಬಳವೂ ಏರಿಲ್ಲ. ನಿವೃತ್ತರ ಮನೆಯಲ್ಲಿ ಈ ಬಿಲ್ ಬಿಚ್ಚಿದಾಗ ಬರುವ ಸಿಟ್ಟು ಅರ್ಥವಾಗುವಂಥದ್ದೇ. ಆ ಸಿಟ್ಟಿನಿಂದಲೇ ಮನೆ ತೆರಿಗೆಯನ್ನು ಪೂರ್ತಿ ಕಿತ್ತೊಗೆಯುವ ಸಂವಿಧಾನ ತಿದ್ದುಪಡಿಗೆ ಸಹಿ ಸಂಗ್ರಹ ಶುರುವಾಯಿತು. ಅದಕ್ಕೆ ಬೇಕಾದದ್ದು 4,13,487 ಸಹಿ, 88 ಕೌಂಟಿಗಳಲ್ಲಿ ಕನಿಷ್ಠ 44ರಿಂದ.

ಹೀಗೆ ಬೆನ್ನಿಗೆ ಬೆಂಕಿ ಬಿದ್ದಾಗ ಶಾಸನಸಭೆ ಎದ್ದಿತು. ಇಪ್ಪತ್ತು ಮಿಲ್ ಜಿಲ್ಲೆಗಳ ಏರಿಕೆಯನ್ನು ಹಣದುಬ್ಬರದ ಮಟ್ಟಕ್ಕೆ ಕಟ್ಟಿಹಾಕುವುದೂ ಸೇರಿದಂತೆ 2025ರ ಕೊನೆಯಲ್ಲಿ ಹಲವು ಮಸೂದೆಗಳು ಪಾಸಾದವು, ಡಿವೈನ್ ಸಹಿ ಹಾಕಿದರು. ಇಲ್ಲೂ ರಾಮಸ್ವಾಮಿ ಬರುವಷ್ಟರಲ್ಲಿ ಸುಲಭದ ಕೆಲಸ ಮುಗಿದಿದೆ. ಇನ್ನೂ ಇಳಿಸುತ್ತೇನೆ ಎಂದರೆ ದಾರಿ ಎರಡೇ. ಶಾಲೆಗೆ ಬರುವ ಹಣ ಕಡಿಮೆ ಆಗಲಿ ಎನ್ನಬೇಕು, ಇಲ್ಲವೇ ಆ ಹಣವನ್ನು ರಾಜ್ಯ ತುಂಬಿಕೊಡಬೇಕು. ಮನೆ ತೆರಿಗೆಯಲ್ಲಿ ರಾಜ್ಯ ಸರ್ಕಾರಕ್ಕೆ ಒಂದು ಡಾಲರೂ ಹೋಗುವುದಿಲ್ಲ. ದೊಡ್ಡ ಪಾಲು ಶಾಲೆಗೆ, ಉಳಿದದ್ದು ಕೌಂಟಿ, ಟೌನ್‌ಶಿಪ್, ಅಗ್ನಿಶಾಮಕ ದಳ, ಗ್ರಂಥಾಲಯಗಳಿಗೆ. ಮತ್ತೊಬ್ಬರ ಜೇಬಿಗೆ ಹೋಗುವ ಹಣವನ್ನು ಮನ್ನಾ ಮಾಡುವ ಭರವಸೆ ಇದು.

ಮೊದಲ ದಾರಿಗೆ ನ್ಯಾಯಾಲಯ ಅಡ್ಡ ನಿಂತಿದೆ. ಶಾಲೆಗಳ ಹಣಕಾಸು ಮನೆ ತೆರಿಗೆಯ ಮೇಲೆ ಅತಿಯಾಗಿ ನಿಂತಿರುವುದು ಸಂವಿಧಾನಕ್ಕೆ ವಿರುದ್ಧ ಎಂದು ಒಹಾಯೊ ಸುಪ್ರೀಂ ಕೋರ್ಟ್ 1997ರಲ್ಲಿ ಡಿರಾಲ್ಫ್ ಪ್ರಕರಣದಲ್ಲಿ ಹೇಳಿತು. ಪೆರಿ ಕೌಂಟಿಯ ಬಡ ಶಾಲಾ ಜಿಲ್ಲೆಯಿಂದ ಎದ್ದ ಪ್ರಕರಣ ಅದು. ತೀರ್ಪಿನ ತಾತ್ಪರ್ಯ ಒಂದೇ, ರಾಜ್ಯ ತನ್ನ ಬೊಕ್ಕಸದಿಂದ ಹೆಚ್ಚು ಕೊಡಬೇಕು. ಅಂದರೆ ಎರಡನೇ ದಾರಿ. ಮತ್ತೆ ಅದೇ ಬೊಕ್ಕಸ.

ಇಲ್ಲೇ ಎರಡು ಭರವಸೆಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುದು. ಬಿಲ್ಲಿನಲ್ಲಿರುವ ಶೇ 10ರ ರಿಯಾಯಿತಿ ಹುಟ್ಟಿದ್ದು ಯಾವಾಗ? 1971ರಲ್ಲಿ, ಆದಾಯ ತೆರಿಗೆಯ ಜೊತೆಗೇ. ಹೊಸ ತೆರಿಗೆ ಹಾಕುತ್ತೇವೆ, ಬದಲಿಗೆ ಮನೆ ತೆರಿಗೆ ಇಳಿಸುತ್ತೇವೆ ಎಂಬುದೇ ಅಂದಿನ ಒಪ್ಪಂದ. ರಾಜ್ಯ ಸಂಗ್ರಹಿಸುವ ಆದಾಯ ತೆರಿಗೆಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಅದು ಹುಟ್ಟಿದ ಕೌಂಟಿ, ಶಾಲಾ ಜಿಲ್ಲೆ, ಊರುಗಳಿಗೇ ಮರಳಬೇಕು ಎಂಬ ಕಲಮೂ ಸಂವಿಧಾನದಲ್ಲಿದೆ. ಆದಾಯ ತೆರಿಗೆಯನ್ನೇ ಸೊನ್ನೆ ಮಾಡಿದರೆ ಮರಳುವುದು ಸೊನ್ನೆಯ ಅರ್ಧ.

ಇದು ಬರೀ ಊಹೆಯಲ್ಲ, ಒಮ್ಮೆ ನಡೆದು ಹೋಗಿದೆ. 2011ರಲ್ಲಿ ಗವರ್ನರ್ ಜಾನ್ ಕೇಸಿಕ್ ಊರು-ಕೌಂಟಿಗಳಿಗೆ ರಾಜ್ಯ ಕೊಡುತ್ತಿದ್ದ ಪಾಲನ್ನು ಅರ್ಧದ ಹತ್ತಿರಕ್ಕೆ ಇಳಿಸಿದರು. ಅವು ಲೆವಿ ಕೇಳಿಕೊಂಡು ಮತದಾರರ ಬಾಗಿಲಿಗೆ ಹೋದವು. 2013ರ ಬಜೆಟ್‌ನಲ್ಲಿ ಆದಾಯ ತೆರಿಗೆ ಮೂರು ವರ್ಷದಲ್ಲಿ ಶೇ 10 ಇಳಿಸಿದರು. ಅದೇ ಮಸೂದೆಯಲ್ಲಿ ಮಾರಾಟ ತೆರಿಗೆ 5.5ರಿಂದ 5.75ಕ್ಕೆ ಏರಿತು, ಅಲ್ಲಿಂದ ಮುಂದೆ ಪಾಸಾಗುವ ಹೊಸ ಲೆವಿಗಳಿಗೆ ಶೇ 10 ಮತ್ತು ಶೇ 2.5ರ ರಿಯಾಯಿತಿ ಅನ್ವಯಿಸುವುದಿಲ್ಲ ಎಂದೂ ಬರೆದರು. ಆದಾಯ ತೆರಿಗೆ ಇಳಿಸಿದ ಕೈಯೇ ಮನೆ ತೆರಿಗೆ ಏರಿಸಿತ್ತು, ಹನ್ನೆರಡು ವರ್ಷ ಕಳೆದ ಮೇಲೆ ಬಿಲ್ ನೋಡಿದವರಿಗೆ ಮಾತ್ರ ಅದು ನೆನಪಿರಲಿಲ್ಲ. ರಾಮಸ್ವಾಮಿ ಎರಡನ್ನೂ ಇಳಿಸಬಲ್ಲೆ ಎನ್ನುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಆ ರಿಯಾಯಿತಿಯ ಹಣ ನಾಳೆ ಯಾವ ತೆರಿಗೆಯಿಂದ?

ಮೇಷ್ಟ್ರ ಸಂಬಳ

ಪ್ರತಿಭೆಗೆ ತಕ್ಕ ಸಂಬಳ ಎಂಬುದು ಅವರ ಇನ್ನೊಂದು ದೊಡ್ಡ ಭರವಸೆ. ಶಿಕ್ಷಕರು, ಮುಖ್ಯೋಪಾಧ್ಯಾಯರು, ಸೂಪರಿಂಟೆಂಡೆಂಟರು, ಆಡಳಿತದವರು ಎಲ್ಲರಿಗೂ ಅದನ್ನು ಅನ್ವಯಿಸುವ ಮೊದಲ ರಾಜ್ಯ ಒಹಾಯೊ ಆಗಲಿ ಎನ್ನುತ್ತಾರೆ. ಅಲ್ಲೀಗ ಶಿಕ್ಷಕರ ಸಂಬಳ ಒಂದು ಕೋಷ್ಟಕ. ಕೆಳಗಿಳಿದಂತೆ ಸೇವೆಯ ವರ್ಷ, ಅಡ್ಡಕ್ಕೆ ಹೋದಂತೆ ಪದವಿ. ಹತ್ತು ವರ್ಷ ಸೇವೆ, ಸ್ನಾತಕೋತ್ತರ ಪದವಿ ಎಂದರೆ ಒಂದು ಚೌಕ, ಅದರಲ್ಲೊಂದು ಸಂಖ್ಯೆ. ಪಾಠ ಚೆನ್ನಾಗಿ ಮಾಡುವವರಿಗೂ ಮಾಡದವರಿಗೂ ಸಂಖ್ಯೆ ಒಂದೇ. ಇದು ಸರಿಯಲ್ಲ ಎಂಬ ಅವರ ಆಕ್ಷೇಪದಲ್ಲಿ ಹುರುಳಿದೆ.

ಆದರೆ ಈ ಕೋಷ್ಟಕ ಬರೆಯುವುದು ಗವರ್ನರ್ ಅಲ್ಲ. ರಾಜ್ಯ ಹೇಳುವುದು ಕನಿಷ್ಠ ಎಷ್ಟು ಎಂದು ಮಾತ್ರ, ಅದು ಈಗ 35,000 ಡಾಲರ್. ಉಳಿದದ್ದನ್ನು ಆರು ನೂರಕ್ಕೂ ಹೆಚ್ಚು ಶಾಲಾ ಜಿಲ್ಲೆಗಳು ತಮ್ಮ ತಮ್ಮ ಶಿಕ್ಷಕರ ಸಂಘದ ಜೊತೆ ಕೂತು ಒಪ್ಪಂದ ಮಾಡಿಕೊಳ್ಳುತ್ತವೆ. ಆ ಹಕ್ಕು 1983ರ ಸಾಮೂಹಿಕ ಚೌಕಾಸಿ ಕಾನೂನಿನಿಂದ ಬಂದದ್ದು. ಅದನ್ನು ತಿದ್ದಲು ಕೇಸಿಕ್ 2011ರಲ್ಲಿ ಎಸ್‌ಬಿ 5 ಎಂಬ ಕಾನೂನು ತಂದರು, ಅದರಲ್ಲಿ ಶಿಕ್ಷಕರಿಗೆ ಪ್ರತಿಭೆ ಆಧಾರಿತ ಸಂಬಳವೂ ಇತ್ತು. ಶಿಕ್ಷಕರ ಜೊತೆ ಪೊಲೀಸರು, ಅಗ್ನಿಶಾಮಕ ದಳದವರೂ ಬೀದಿಗಿಳಿದರು, ವಿಷಯ ಜನಮತಕ್ಕೆ ಹೋಯಿತು, ನವೆಂಬರ್‌ನಲ್ಲಿ ನೂರಕ್ಕೆ 61ಕ್ಕಿಂತ ಹೆಚ್ಚು ಮತದಾರರು ಕಾನೂನನ್ನು ಕಿತ್ತುಹಾಕಿದರು. ಒಹಾಯೊ ರಿಪಬ್ಲಿಕನ್ನರು ಆ ಪೆಟ್ಟನ್ನು ಮರೆತಿಲ್ಲ.

ಇನ್ನು ಅಳತೆಯ ಪ್ರಶ್ನೆ. ರಾಜ್ಯದ ವಾರ್ಷಿಕ ಪರೀಕ್ಷೆ ಇರುವುದು ಮೂರರಿಂದ ಎಂಟನೇ ತರಗತಿವರೆಗೆ ಇಂಗ್ಲಿಷ್, ಗಣಿತಕ್ಕೆ. ವಿಜ್ಞಾನಕ್ಕೆ ಐದು, ಎಂಟರಲ್ಲಿ ಮಾತ್ರ, ಪ್ರೌಢಶಾಲೆಯಲ್ಲಿ ಕೆಲವೇ ವಿಷಯಗಳಿಗೆ. ಒಂದನೇ ತರಗತಿಯ ಶಿಕ್ಷಕಿಯನ್ನು, ಸಂಗೀತದ ಮೇಷ್ಟ್ರನ್ನು, ವಿಶೇಷ ಮಕ್ಕಳಿಗೆ ಕಲಿಸುವವರನ್ನು ಯಾವ ಅಂಕದಿಂದ ಅಳೆಯುವುದು? ಬೋನಸ್ ಕೊಟ್ಟರೆ ಸಾಕು ಎಂಬುದಕ್ಕೂ ಆಧಾರ ಬಲವಾಗಿಲ್ಲ. ನ್ಯಾಶ್‌ವಿಲ್‌ನಲ್ಲಿ ಮೂರು ವರ್ಷ ಗಣಿತ ಶಿಕ್ಷಕರಿಗೆ 15,000 ಡಾಲರ್‌ವರೆಗೆ ಬೋನಸ್ ಇಟ್ಟು ನೋಡಿದರು, ಒಟ್ಟಾರೆ ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಡಲ್ಲಾಸ್‌ನಲ್ಲಿ ಬೇರೆ ರೀತಿ ಮಾಡಿದರು. ಒಳ್ಳೆಯವರೆಂದು ಗುರುತಿಸಿದ ಶಿಕ್ಷಕರಿಗೆ ಹೆಚ್ಚುವರಿ ಭತ್ಯೆ ಕೊಟ್ಟು ತೀರಾ ಹಿಂದುಳಿದ ಶಾಲೆಗಳಿಗೆ ಕಳಿಸಿದರು. ಅಲ್ಲಿ ಅಂಕ ಏರಿತು. ಭತ್ಯೆ ತೆಗೆದ ಮೇಲೆ ಶಿಕ್ಷಕರು ಹೊರಟರು, ಅಂಕವೂ ಇಳಿಯಿತು. ಕೆಲಸ ಮಾಡಿದ್ದು ಒಳ್ಳೆಯ ಶಿಕ್ಷಕರನ್ನು ಬೇಕಾದ ಕಡೆ ಸೇರಿಸಿದ್ದು, ಇದ್ದವರ ಮುಂದೆ ಬೋನಸ್ ತೂಗಿಬಿಟ್ಟದ್ದಲ್ಲ.

ಸಂಘಗಳ ಜೊತೆ ಜಗಳಕ್ಕಿಳಿಯದೆ ಮಾಡುವ ದಾರಿ ಇದೆ. ಒಪ್ಪಿ ಮುಂದೆ ಬರುವ ಜಿಲ್ಲೆಗಳಿಗೆ ರಾಜ್ಯ ಅನುದಾನ ಇಡಬಹುದು. 2023ರಿಂದ ಶಿಕ್ಷಣ ಇಲಾಖೆ ನೇರ ಗವರ್ನರ್ ಸಂಪುಟದ ಕೆಳಗೆ ಬಂದಿರುವುದರಿಂದ ಇಷ್ಟು ಮಟ್ಟಿಗೆ ಕೀಲಿ ಅವರ ಕೈಯಲ್ಲೇ ಇದೆ. 25,000 ಶಿಕ್ಷಕರಿಗೆ ತಲಾ 10,000 ಡಾಲರ್ ಎಂದರೆ ವರ್ಷಕ್ಕೆ 250 ಮಿಲಿಯನ್. ಆದಾಯ ತೆರಿಗೆ ಇಳಿಯುತ್ತಿರುವ ಬಜೆಟ್‌ನಲ್ಲಿ ಅದನ್ನು ಹುಡುಕಬೇಕು ಅಷ್ಟೇ.

ಶಾಲಾ ಆಯ್ಕೆಯ ಮಾತು ಹೆಚ್ಚು ಬೆಳೆಸಬೇಕಿಲ್ಲ, ಅದು ಆಗಿಹೋಗಿದೆ. 2023ರ ಬಜೆಟ್, ಖಾಸಗಿ ಶಾಲೆಯ ಶುಲ್ಕಕ್ಕೆ ರಾಜ್ಯ ಹಣ ಕೊಡುವ ಎಡ್‌ಚಾಯ್ಸ್ ವೋಚರ್ ಅನ್ನು ಎಲ್ಲ ಆದಾಯದವರಿಗೂ ತೆರೆಯಿತು. ಬಡತನ ರೇಖೆಯ ನಾಲ್ಕೂವರೆ ಪಟ್ಟು ಆದಾಯದವರೆಗೆ ಪೂರ್ತಿ ಮೊತ್ತ, ಎಂಟನೇ ತರಗತಿವರೆಗೆ ಸುಮಾರು 6,166 ಡಾಲರ್, ಪ್ರೌಢಶಾಲೆಗೆ 8,408. ಅದರಾಚೆ ಆದಾಯ ಏರಿದಂತೆ ಇಳಿಯುತ್ತದೆ. ಆದರೆ 2025ರ ಜೂನ್‌ನಲ್ಲಿ ಫ್ರಾಂಕ್ಲಿನ್ ಕೌಂಟಿ ನ್ಯಾಯಾಧೀಶರು ಇದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದರು. ಮೇಲ್ಮನವಿಗೆ ಅವಕಾಶ ಕೊಟ್ಟು ಆದೇಶವನ್ನು ತಡೆಹಿಡಿದಿದ್ದರಿಂದ ವೋಚರ್ ನಿಲ್ಲಲಿಲ್ಲ. ಇದರ ಭವಿಷ್ಯ ನ್ಯಾಯಪೀಠದಲ್ಲಿದೆ, ಪ್ರಚಾರ ಸಭೆಯಲ್ಲಿಲ್ಲ.

ಮೆಡಿಕೇಡ್: ಅವರಿಗಿಂತ ಮೊದಲೇ ಬರುವ ನಿಯಮ

ಮೆಡಿಕೇಡ್ ಪಡೆಯಬೇಕಾದರೆ ದುಡಿಯಬೇಕು ಎಂಬ ಷರತ್ತು ಹಾಕುತ್ತೇನೆ ಎನ್ನುತ್ತಾರೆ ರಾಮಸ್ವಾಮಿ. ಕನ್ಸರ್ವೇಟಿವ್ ಮತದಾರರಿಗೆ ಇಷ್ಟವಾಗುವ ಮಾತು. ಆದರೆ 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನೇ ಅದನ್ನು ಮಾಡಿದೆ. 19ರಿಂದ 64 ವಯಸ್ಸಿನ, ಮೆಡಿಕೇಡ್ ವಿಸ್ತರಣೆಯಡಿ (ಮೊದಲು ಅರ್ಹತೆ ಇಲ್ಲದಿದ್ದ ಕಡಿಮೆ ಆದಾಯದ ವಯಸ್ಕರಿಗೂ ವಿಮೆ ತೆರೆದದ್ದು) ಸೇರಿದವರು ತಿಂಗಳಿಗೆ 80 ಗಂಟೆ ಕೆಲಸ, ಓದು ಅಥವಾ ಸೇವೆ ತೋರಿಸಬೇಕು. 13 ಅಥವಾ ಅದಕ್ಕಿಂತ ಚಿಕ್ಕ ಮಕ್ಕಳ ತಂದೆತಾಯಿಗೆ, ತೀವ್ರ ಕಾಯಿಲೆ ಇರುವವರಿಗೆ ವಿನಾಯಿತಿ. ರಾಜ್ಯಗಳು ಇದನ್ನು ಜಾರಿಗೆ ತರಬೇಕಾದ ಗಡುವು 2027ರ ಜನವರಿ 1. ಒಹಾಯೊದ ಹೊಸ ಗವರ್ನರ್ ಪ್ರಮಾಣವಚನ ಜನವರಿ ಎರಡನೇ ಸೋಮವಾರ, ಅಂದರೆ 11ಕ್ಕೆ. ಯಾರೇ ಗೆದ್ದರೂ ಕುರ್ಚಿಯಲ್ಲಿ ಕೂರುವ ಹೊತ್ತಿಗೆ ನಿಯಮ ಕಾದು ಕೂತಿರುತ್ತದೆ.

ಹಾಗಾಗಿ ಇಲ್ಲಿ ನಿಲುವಿಗಿಂತ ಜಾರಿಯ ವಿವರ ಮುಖ್ಯ. ಅರ್ಕಾನ್ಸಾ 2018ರಲ್ಲಿ ಇದೇ 80 ಗಂಟೆಯ ನಿಯಮ ತಂದಾಗ ಗಂಟೆಗಳ ಲೆಕ್ಕ ಕೊಡಬೇಕಾಗಿದ್ದು ಆನ್‌ಲೈನ್‌ನಲ್ಲಿ. ಆ ಪೋರ್ಟಲ್ ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ ಬೆಳಿಗ್ಗೆ ಏಳಕ್ಕೆ ತೆರೆಯುತ್ತಿತ್ತು. ಪಾಳಿ ಮುಗಿಸಿ ಬಂದವರು ಫೋನ್ ತೆಗೆಯುವಷ್ಟರಲ್ಲಿ ಅಂಗಡಿ ಬಂದ್. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. ಅವರಲ್ಲಿ ಬಹಳಷ್ಟು ಮಂದಿ ದುಡಿಯುತ್ತಿದ್ದವರೇ, ಇಲ್ಲವೇ ವಿನಾಯಿತಿಗೆ ಅರ್ಹರಿದ್ದವರೇ. ಉದ್ಯೋಗ ಏರಿದ್ದೇನೂ ಕಾಣಲಿಲ್ಲ. 2019ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಲಯ ನಿಲ್ಲಿಸಿತು.

ಒಹಾಯೊದಲ್ಲಿ ವಿಸ್ತರಣೆಯಡಿ ಇರುವವರು ಏಳು ಲಕ್ಷಕ್ಕೂ ಹೆಚ್ಚು. ಅವರ ಅರ್ಹತೆ ನೋಡುವುದು 88 ಕೌಂಟಿಗಳ ಜಾಬ್ ಆ್ಯಂಡ್ ಫ್ಯಾಮಿಲಿ ಸರ್ವಿಸಸ್ ಕಚೇರಿಗಳು. ಸಂಬಳದ ದಾಖಲೆಯಿಂದ ಕೆಲಸವನ್ನು ತಾನಾಗಿ ಪತ್ತೆ ಮಾಡುವ ತಂತ್ರಾಂಶ ಬರುತ್ತದೋ, ಇಲ್ಲಾ ಪ್ರತಿಯೊಬ್ಬರೂ ಚೀಟಿ ಹಿಡಿದು ಸಾಬೀತು ಮಾಡಬೇಕೋ ಎಂಬುದು ಗವರ್ನರ್ ನೇಮಿಸುವ ಇಲಾಖಾ ಮುಖ್ಯಸ್ಥರ ಕೈಯಲ್ಲಿದೆ. ಎಷ್ಟು ಜನ ವಿಮೆಯಿಂದ ಬೀಳುತ್ತಾರೆ ಎಂಬುದು ತೀರ್ಮಾನವಾಗುವುದು ಅಲ್ಲೇ. ಈ ಬಗ್ಗೆ ಪ್ರಚಾರದಲ್ಲಿ ಯಾರೂ ಕೇಳುವುದಿಲ್ಲ. ಇನ್ನೊಂದು ಬಲೆಯೂ ಹಾಸಿದೆ. ವಿಸ್ತರಣೆಯ ಖರ್ಚಿನ ಶೇ 90 ಕೊಡುವುದು ವಾಷಿಂಗ್ಟನ್. ಅದು 90ಕ್ಕಿಂತ ಇಳಿದರೆ ವಿಸ್ತರಣೆಯೇ ನಿಲ್ಲುತ್ತದೆ ಎಂದು ಒಹಾಯೊದ 2025ರ ಬಜೆಟ್‌ನಲ್ಲಿ ಬರೆದಿಟ್ಟಿದ್ದಾರೆ.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ಗರ್ಭಪಾತದ ವಿಚಾರದಲ್ಲಿ ರಾಮಸ್ವಾಮಿ ವಿರೋಧಿ. ಆದರೆ 2023ರ ನವೆಂಬರ್‌ನಲ್ಲಿ ಶೇ 56ಕ್ಕೂ ಹೆಚ್ಚು ಮತದಾರರು ಆ ಹಕ್ಕನ್ನು ರಾಜ್ಯದ ಸಂವಿಧಾನದಲ್ಲಿ ಬರೆಸಿದರು. ಅದೇ ದಿನ ಗಾಂಜಾ ಸಕ್ರಮದ ಪ್ರಶ್ನೆ ಕೂಡ ಹೆಚ್ಚುಕಡಿಮೆ ಅಷ್ಟೇ ಮತದಿಂದ ಗೆದ್ದಿತು, ಆದರೆ ಅದು ಗೆದ್ದದ್ದು ಸಾಮಾನ್ಯ ಕಾನೂನಾಗಿ. ವ್ಯತ್ಯಾಸ ಎರಡೇ ವರ್ಷದಲ್ಲಿ ಕಂಡಿತು: 2025ರ ಡಿಸೆಂಬರ್‌ನಲ್ಲಿ ಶಾಸನಸಭೆ ಗಾಂಜಾ ಕಾನೂನನ್ನು ತನಗೆ ಬೇಕಾದಂತೆ ತಿದ್ದಿತು, ಗರ್ಭಪಾತದ ಕಲಮನ್ನು ಮುಟ್ಟಲು ಆಗಲಿಲ್ಲ. ಅದನ್ನು ಬದಲಿಸಲು ಮತ್ತೆ ಜನರ ಬಳಿಗೇ ಹೋಗಬೇಕು. ತಿದ್ದುಪಡಿಗೆ ಶೇ 60 ಮತ ಬೇಕೆಂದು ಪಟ್ಟು ಬಿಗಿ ಮಾಡಲು 2023ರ ಆಗಸ್ಟ್‌ನಲ್ಲಿ ನಡೆದ ಪ್ರಯತ್ನವನ್ನೂ ಜನ ಸೋಲಿಸಿದ್ದರು. ಒಹಾಯೊ ಮತದಾರರ ರೀತಿಯೇ ಹೀಗೆ. 2024ರಲ್ಲಿ ಟ್ರಂಪ್‌ಗೆ 11 ಅಂಶದ ಮುನ್ನಡೆ ಕೊಟ್ಟವರು, ಪ್ರಶ್ನೆಯೊಂದನ್ನು ನೇರ ಮುಂದಿಟ್ಟರೆ ಪಕ್ಷ ನೋಡದೆ ಉತ್ತರಿಸುತ್ತಾರೆ.

ಅಲ್ಲಿರುವ ಕನ್ನಡಿಗರ ಮನೆಗಳಲ್ಲಿ ಹೆಚ್ಚು ಚರ್ಚೆಯಾಗುವ ಎಚ್-1ಬಿ ವೀಸಾ ಈ ಚುನಾವಣೆಯ ವಿಷಯವೇ ಅಲ್ಲ. ರಾಮಸ್ವಾಮಿ 2023ರಲ್ಲಿ ಲಾಟರಿ ಪದ್ಧತಿಯನ್ನು ಕಿತ್ತುಹಾಕಿ ಅರ್ಹತೆ ಆಧಾರಿತ ಪದ್ಧತಿ ತರಬೇಕೆಂದರು. ಅವರೇ ಕಟ್ಟಿದ ಔಷಧ ಕಂಪನಿ ರೋಯ್ವಂಟ್ ಅದೇ ವೀಸಾ ಬಳಸಿತ್ತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸ್ಕೃತಿ ಸಾಧಾರಣತೆಯನ್ನು ಮೆಚ್ಚುತ್ತದೆ ಎಂದು ಬರೆದು ಸ್ವಪಕ್ಷದವರಿಂದಲೇ ಬೈಸಿಕೊಂಡರು. ವೀಸಾ ಕಾನೂನು ಮಾಡುವುದು ಅಮೆರಿಕದ ಸಂಸತ್ತಾದ ಕಾಂಗ್ರೆಸ್, ಶುಲ್ಕ ಹೇರುವುದು ವಾಷಿಂಗ್ಟನ್. ಗವರ್ನರ್‌ಗೆ ಇರುವುದು ಸಣ್ಣ ಸಂದು ಮಾತ್ರ: ರಾಜ್ಯದ ವಿಶ್ವವಿದ್ಯಾಲಯಗಳು ಈ ವೀಸಾದ ಮೇಲೆ ಜನರನ್ನು ತೆಗೆದುಕೊಳ್ಳಬಾರದು ಎಂದು ಒತ್ತಡ ಹಾಕಬಹುದು. ಫ್ಲಾರಿಡಾದಲ್ಲಿ ರಾನ್ ಡಿಸ್ಯಾಂಟಿಸ್ 2025ರ ಅಕ್ಟೋಬರ್‌ನಲ್ಲಿ ಹಾಗೆ ಸೂಚಿಸಿದರು. ಒಹಾಯೊದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವರು ಗಮನಿಸಬೇಕಾದ ಸಂದು ಇದು. ಖಾಸಗಿ ಕಂಪನಿಯವರಿಗೆ ಕೊಲಂಬಸ್‌ನ ಗದ್ದುಗೆಯಲ್ಲಿ ಯಾರು ಕೂತರೂ ವ್ಯತ್ಯಾಸವಿಲ್ಲ.

ಒಹಾಯೊ ಬಜೆಟ್ ಎರಡು ವರ್ಷಕ್ಕೊಮ್ಮೆ. ಹೊಸದಾಗಿ ಬಂದ ಗವರ್ನರ್ ಮೊದಲ ಬಜೆಟ್ ಮಂಡಿಸಲು ಮಾರ್ಚ್ 15ರವರೆಗೆ ಸಮಯ, ಜೂನ್ 30ರೊಳಗೆ ಅದು ಕಾನೂನಾಗಬೇಕು. ರಾಮಸ್ವಾಮಿ ಗೆದ್ದರೆ 2027ರ ಆ ಕಡತದಲ್ಲಿ ಆದಾಯ ತೆರಿಗೆಯ ಪುಟಕ್ಕಿಂತ ಮೊದಲು ತೆರೆಯಬೇಕಾದದ್ದು ಆಸ್ತಿ ತೆರಿಗೆ ಮರುಪಾವತಿಯ ಬಾಬು. ಮನೆ ಬಿಲ್ಲಿನ ಆ ಎರಡು ಸಣ್ಣ ಸಾಲುಗಳ ಹಣ ಕೂರುವುದು ಅಲ್ಲಿ.